ಸಿನ್ನಿಯಾ ದ್ವೀಪದ ನೀರುಕಾಗೆಗಳು

ಮನೆಯವರಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿರುವ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಬಹಳ. ದುಬೈಯ ಕಟ್ಟಡಗಳ ವರ್ಣನೆ ನೀವು ಕೇಳಿಯೇ ಇರುತ್ತೀರಿ. ಆದರೆ ಅದೇ ಯುಎಇಯ ಉಮ್ಮುಲ್ ಖುವೈನ್ ಪಟ್ಟಣದ ಪಕ್ಕದ ಸಿನ್ನಿಯಾ ದ್ವೀಪದಲ್ಲಿ ಹಕ್ಕಿಗಳದ್ದೇ ಒಂದು ದೊಡ್ಡ ಊರಿದೆ ಎಂಬುದು ನಿಮಗೆ ಗೊತ್ತೇ?

ಇಲ್ಲಿರುವುದು ಸೊಕೊಟ್ರಾ ನೀರುಕಾಗೆ. ಮೈಯೆಲ್ಲ ಕಪ್ಪು, ಉದ್ದ ಕತ್ತು, ತುದಿ ಬಾಗಿದ ಕೊಕ್ಕು. ಅರೇಬಿಯಾದ ಸುತ್ತಲಿನ ಸಮುದ್ರವನ್ನು ಬಿಟ್ಟರೆ ಬೇರೆಲ್ಲೂ ಇದು ಮರಿ ಮಾಡುವುದಿಲ್ಲ. ಬಹರೈನ್‌ನ ಹವಾರ್ ದ್ವೀಪಗಳಲ್ಲೂ ಇದರ ದೊಡ್ಡ ನೆಲೆಯಿದೆ. ಗೂಡು ಎಂದರೆ ಮರಳಿನಲ್ಲಿ ತೋಡಿದ ಒಂದು ಗುಳಿ, ಅಷ್ಟೇ.

ಇಷ್ಟು ಹಕ್ಕಿಗಳ ಹೊಟ್ಟೆ ತುಂಬುವುದು ಹೇಗೆ? ಅವು ನೀರಿಗೆ ತಾಗುವಷ್ಟು ಕೆಳಗೆ ಸಾಲುಸಾಲಾಗಿ ಹಾರುತ್ತವೆ. ಮೀನಿನ ಹಿಂಡು ಸಿಕ್ಕಿ ಕೆಲವು ಮುಳುಗಿದರೆ ಸಾಕು, ಉಳಿದವು ಅಲ್ಲಿಗೆ ಧಾವಿಸುತ್ತವೆ. ಹಿಂದಿದ್ದವು ಹಾರಿ ಮುಂದೆ ಬಂದು ಮುಳುಗುತ್ತವೆ. ನೀರಿನೊಳಗೆ ಈಜಲು ರೆಕ್ಕೆಯಲ್ಲ, ಕಾಲೇ ಬೇಕು. ನಾಲ್ಕೂ ಬೆರಳುಗಳ ನಡುವೆ ಪೊರೆಯಿರುವ ಕಾಲು ಹುಟ್ಟಿನಂತೆ ಕೆಲಸ ಮಾಡುತ್ತದೆ. ಗರಿಗಳು ನೆನೆಯುವುದರಿಂದ ಮೈ ಸುಲಭವಾಗಿ ಮುಳುಗುತ್ತದೆ. ನೀರಿನೊಳಗೂ ಸ್ಪಷ್ಟವಾಗಿ ಕಾಣುವಂತೆ ಕಣ್ಣಿನ ಮಸೂರ ಆಕಾರ ಬದಲಿಸಿಕೊಳ್ಳುತ್ತದೆ. ದಡಕ್ಕೆ ಮರಳಿದ ಮೇಲೆ ಮರಿಗಳು ತಾಯಿತಂದೆಯ ಗಂಟಲಿಗೇ ತಲೆ ತೂರಿಸಿ ಅರೆಬರೆ ಜೀರ್ಣವಾದ ಮೀನನ್ನು ತಿನ್ನುತ್ತವೆ.

ಅಲ್ಲಿನ ಮೀನುಗಾರರಿಗೆ ಈ ಹಕ್ಕಿಗಳ ಮೇಲೆ ಹಳೆಯ ಸಿಟ್ಟಿದೆ: 'ನಮ್ಮ ಮೀನನ್ನೆಲ್ಲ ಇವೇ ತಿಂದು ಮುಗಿಸುತ್ತವೆ' ಎಂದು. ದೋಣಿ ಬರಿದಾಗಿ ಬಂದ ದಿನ ಯಾರಿಗಾದರೂ ಹಾಗೆ ಅನಿಸುವುದು ಸಹಜವೇ. ಆದರೆ ಸಿನ್ನಿಯಾದ ಹಕ್ಕಿಗಳು ಕಕ್ಕಿದ ಆಹಾರವನ್ನು ಸಂಶೋಧಕರು ಪರೀಕ್ಷಿಸಿದಾಗ ಹೆಚ್ಚಾಗಿ ಕಂಡದ್ದು ಹಿಂಡಾಗಿ ತಿರುಗುವ ಸಣ್ಣ ಮೀನುಗಳು. ನಮ್ಮ ಕೊಲ್ಲತರು, ಬೂತಾಯಿಗಳ ಬಳಗದಂಥವು. ಪೇಟೆಯಲ್ಲಿ ಒಳ್ಳೆಯ ಬೆಲೆ ತರುವ ದೊಡ್ಡ ಮೀನುಗಳಲ್ಲ.

ಹಕ್ಕಿಗಳ ಕಷ್ಟವೇ ಬೇರೆ. 1991ರ ಕೊಲ್ಲಿ ಯುದ್ಧದಲ್ಲಿ ಸಮುದ್ರಕ್ಕೆ ಹರಿದ ತೈಲ ಮೆತ್ತಿಕೊಂಡು ಸಾವಿರಾರು ಕಡಲ ಹಕ್ಕಿಗಳು ಸತ್ತವು. ಅವುಗಳಲ್ಲಿ ಇವೂ ಇದ್ದವು. ನೆಲದ ಮೇಲಿನ ಗೂಡಿಗೆ ಬೆಕ್ಕು, ನರಿಗಳ ಕಾಟವೂ ಇದೆ. ಮನುಷ್ಯರು ಹತ್ತಿರ ಹೋದರೆ ದೊಡ್ಡ ಹಕ್ಕಿಗಳು ಗಾಬರಿಯಿಂದ ಎದ್ದು ಹಾರುತ್ತವೆ. ಆಗ ಮೊಟ್ಟೆ, ಮರಿಗಳು ಸುಡುವ ಬಿಸಿಲಿಗೆ ಬೀಳುತ್ತವೆ.

ಆ ಕಡೆ ಹೋಗುವ ಅವಕಾಶ ನಿಮಗೆ ಸಿಕ್ಕರೆ ಮಕ್ಕಳೊಂದಿಗೆ ಕಡಲ ದಂಡೆಯಲ್ಲಿ ನಿಲ್ಲಿ. ನೀರಿನ ಮೇಲೆ ಕಪ್ಪು ದಾರದಂತೆ ಸಾಗುವ ಸಾಲನ್ನು ತೋರಿಸಿ. ದೂರದಿಂದಲೇ ನೋಡಿ. ಅವುಗಳ ಮರಿಗಳಿಗೆ ನಾವು ಮಾಡಬಹುದಾದ ಉಪಕಾರ ಅದೇ.