ಷರೀಫಜ್ಜ, ಗಿಟಾರು, ನಮ್ಮ ಮಾಳಿಗಿ

ಹಳೇ ಆಲ್ಬಂ ಸರಣಿಯಲ್ಲಿ ಇವತ್ತು ರಘು ದೀಕ್ಷಿತ್ ಅವರ ಮೊದಲನೇ ಆಲ್ಬಂ. ಬಂದಿದ್ದು 2008ರಲ್ಲಿ. ನಮ್ಮ ಕ್ಲಾಸಿನ ಅರ್ಧ ಮಂದಿ ಆಗಿನ್ನೂ ಅಂಗನವಾಡಿಯಲ್ಲಿ ಉಪ್ಪಿಟ್ಟಿಗೆ ತಟ್ಟೆ ಹಿಡ್ಕೊಂಡು ಕೂತಿದ್ವಿ. ಇದು ಆಲ್ಟರ್ನೇಟಿವ್ ರಾಕಾ, ಫೋಕ್ ರಾಕಾ ಅಂತ ಜಗಳ ಆಡೋರು ಆಡ್ಕೊಳ್ಳಿ. ಅದರ ತೀರ್ಪಿಂದ ಹಾಡಿನ ಒಂದು ಸ್ವರವೂ ಬದಲಾಗಲ್ಲ.

ಆ ಕಾಲ ಹೆಂಗಿತ್ತು ಅಂದ್ರೆ, 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯ ಹಾಡು ಇನ್ನೂ ಎಲ್ಲರ ಫೋನಲ್ಲಿ. ನಮ್ಮ ಕಡೆ ಬಸ್ಸಲ್ಲಂತೂ ತೆಲುಗು ಹಾಡೇ ಹಾಡು, ಈಗಲೂ ಅಷ್ಟೇ ಬಿಡಿ. ಸಿನಿಮಾ ಇಲ್ಲ, ಹೀರೋ ಇಲ್ಲ, ಬರೀ ಹಾಡಿನ ಆಲ್ಬಂ ಅಂದ್ರೆ ಕಂಪನಿಗಳು ಕೈ ಹಾಕ್ತಿರಲಿಲ್ಲ. ಮೈಸೂರಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮಾಡಿದ್ದ ಈ ಮನುಷ್ಯ ವರ್ಷಗಟ್ಟಲೆ ಬಾಗಿಲು ತಟ್ಟಿದ ಮೇಲೆ, ಹಿಂದಿ ಸಿನಿಮಾದ ಸಂಗೀತ ಜೋಡಿ ವಿಶಾಲ್–ಶೇಖರ್ ತಮ್ಮ ಲೇಬಲ್‌ನಿಂದ ಈ ಆಲ್ಬಂ ಹೊರಗೆ ತಂದರು. ಆಮೇಲೆ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ. ಇದೆಲ್ಲ ನಿಮಗೆ ಗೊತ್ತಿರೋದೇ.

ನಾನು ಹೇಳಬೇಕಿರೋದು ಆಲ್ಬಂನಲ್ಲಿರೋ ಎರಡು ಷರೀಫರ ಪದಗಳ ಬಗ್ಗೆ: ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’. ಹಿಂದಿ ಹಾಡುಗಳೂ ಅವೆ, ‘ಹೇ ಭಗವಾನ್’ ಈಗ ಕೇಳಿದ್ರೂ ಕೂತಲ್ಲಿಂದ ಎಬ್ಬಿಸ್ತದೆ. ‘ಮೈಸೂರ್ ಸೇ ಆಯಿ’ ಮದುವೆ ಮನೆಯಂಗೆ ಐತೆ. ಇಂಗ್ಲಿಷ್ ಪ್ರೇಮಗೀತೆ ಮಾತ್ರ ನನಗೆ ಹಿಡಿಸಲ್ಲ, ಅಂಥದ್ದನ್ನ ಬರೆಯೋಕೆ ಜಗತ್ತಲ್ಲಿ ಬೇಕಾದಷ್ಟು ಮಂದಿ ಅದಾರ.

ಮಾಳಿಗಿ ಅಂದ್ರೆ ಬೆಂಗಳೂರಿನ ಫ್ರೆಂಡ್ಸ್ ಮೊದಲನೇ ಮಹಡಿ ಅನ್ಕೋತಾರೆ. ನಮ್ಮ ಬಾದನಹಟ್ಟಿ, ಕುರುಗೋಡು ಕಡೆ ಹಳೇ ಮನೆ ನೋಡಿದವರಿಗೆ ಗೊತ್ತು: ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ತಂದು ಹರವಿ ತುಳಿಯಬೇಕು. ತುಳಿಯೋದು ತಪ್ಪಿದ ವರ್ಷ ಮನೆ ತುಂಬ ಪಾತ್ರೆ, ಕೊಡ, ತಂಬಿಗೆ, ಒಂದೊಂದಕ್ಕೆ ಒಂದೊಂದು ಸದ್ದು. ಷರೀಫರ ಆ ಪದದೊಳಗೆ ತೊಲೆನೂ ಬರ್ತದೆ, ಜಂತಿನೂ ಬರ್ತದೆ. ಅಜ್ಞಾನದ ಮಾತು ಹೇಳೋಕೆ ಅವರು ಆಕಾಶ ನೋಡಲಿಲ್ಲ, ತಲೆ ಮೇಲಿನ ಚಾವಣಿ ನೋಡಿದ್ರು. 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿದವರ ಮಾತು ನಮ್ಮ ಮನೆಯೊಳಗಿನ ತಂಬಿಗೆಗೆ ಟಪ್ ಅಂತ ಬೀಳೋದು ಅದಕ್ಕೇ.

ರಘು ದೀಕ್ಷಿತ್ ಇಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ದಾರೆ. ‘ಮಾಳಿಗಿ’ಯನ್ನ ‘ಮಾಳಿಗೆ’ ಮಾಡಲಿಲ್ಲ. ಪದವನ್ನ ಸುಲಭ ಮಾಡಿ ಹೊಸ ಹುಡುಗರಿಗೆ ಬಡಿಸೋಣ ಅನ್ನೋ ಆಸೆ ಬಂದಿರಬಹುದಾದ ಜಾಗ ಅದು. ‘ಗುಡುಗುಡಿ’ಯಲ್ಲೂ ಹಂಗೇ. ಮನಸ್ಸೇ ಸಂಚಿ, ಮೋಹವೇ ಗಾಂಜಾ, ಬುದ್ಧಿಯೇ ಬೆಂಕಿ ಅಂತ ಹೋಗೋ ಲೆಕ್ಕ ಅರ್ಥ ಆಗೋಕೆ ಟೈಮ್ ಬೇಕು. ಮೊದಲ ಸಲ ಕೇಳಿದವರು ಸೇದೋ ಹಾಡು ಅನ್ಕೊಂಡು ಕುಣೀತಾರೆ. ಹತ್ತನೇ ಸಲ ಸುಮ್ಮನಾಗ್ತಾರೆ.

ಇನ್ನೊಂದು. ಭಜನಿಯಲ್ಲಿ ಒಬ್ಬರು ಹೇಳ್ತಾರೆ, ಹಿಮ್ಮೇಳದವರು ಪಲ್ಲವಿ ಎತ್ಕೋತಾರೆ. ರಾಕ್ ಹಾಡಿನ ಕೋರಸ್ಸಿನ ಕೆಲಸವೂ ಅದೇ ಅಲ್ವಾ? ಡಗ್ಗಾ, ತಾಳ, ಏಕತಾರಿ ಇದ್ದ ಜಾಗಕ್ಕೆ ಡ್ರಮ್ಸ್, ಬೇಸ್, ಗಿಟಾರ್ ಬಂದು ಕೂತರೂ ತತ್ವಪದ ಜಗ್ಗಲಿಲ್ಲ, ಯಾಕಂದ್ರೆ ಅದರ ಒಳಗಿನ ಕಟ್ಟು ಮೊದಲೇ ಗುಂಪಲ್ಲಿ ಹಾಡೋಕೆ ಆಗಿದ್ದು. ಪಕ್ಕದಲ್ಲಿ ಸಿ. ಅಶ್ವತ್ಥ್ ಇದ್ದರು ಅನ್ನೋದು ಮರೀಬಾರದು. 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾದಿಂದ ಈ ಪದಗಳು ನಮ್ಮ ಅಪ್ಪ-ಅಮ್ಮಂದಿರ ಕಿವಿಗೆ ಅಶ್ವತ್ಥರ ದನಿಯಲ್ಲೇ ಹೋಗಿದ್ದು. ಅಂಥ ದನಿ ಆದ ಮೇಲೆ ಅದೇ ಷರೀಫರನ್ನ ಮುಟ್ಟೋಕೆ ಎದೆ ಬೇಕು. ಇವರು ಅವರಂಗೆ ಗುಡುಗೋಕೆ ಹೋಗದೆ, ತಮ್ಮ ದನಿಯಲ್ಲೇ ಹಾಡಿದರು.

ನಮ್ಮ ಅಜ್ಜ ಒಪ್ಪಲ್ಲ. ಅಮಾವಾಸ್ಯೆ ಭಜನಿಯಲ್ಲಿ ಡಗ್ಗಾ ಬಾರಿಸೋರು. ಹೆಡ್‌ಫೋನ್ ಹಾಕಿ ಕೇಳಿಸಿದೆ. ಪೂರ್ತಿ ಕೇಳಿದ್ರು, ಕಣ್ಣು ಮುಚ್ಕೊಂಡೇ. ಆಮೇಲೆ, “ಷರೀಫಜ್ಜಂಗೆ ಪ್ಯಾಂಟ್ ತೊಡಿಸ್ಯಾರ. ಚಂದ ಕಾಣ್ತಾನ, ಇರ್ಲಿ. ಆದ್ರೆ ಇಷ್ಟು ಲಗೂ ಎಲ್ಲಿಗೆ ಹೊಂಟಾನಪ?” ಅಂದ್ರು.

ಆ ಮಾತು ಇನ್ನೂ ಕೊರೀತಿದೆ. ಭಜನಿಯಲ್ಲಿ ಒಂದು ಪದ ಅರ್ಧ ತಾಸು ಹೋಗಬಹುದು. ನಡುವೆ ನಿಲ್ಲಿಸಿ ಸಂಚಿ ಅಂದ್ರೇನು, ಚಿಲುಮೆ ಅಂದ್ರೇನು ಅಂತ ಬಿಡಿಸಿ ಹೇಳ್ತಾರೆ, ಯಾರೋ ಎದುರು ಪ್ರಶ್ನೆ ಹಾಕ್ತಾರೆ, ಮತ್ತೆ ಪಲ್ಲವಿ. ಆಲ್ಬಂಗೆ ಆ ಪುರುಸೊತ್ತಿಲ್ಲ. ಅಜ್ಜ ಹೇಳಿದ್ದು ನಿಜ, ಅಲ್ಲಿ ಏನೋ ಕಳೆದಿದೆ.

ಆದ್ರೆ ಅಜ್ಜನ ಮೇಳದಲ್ಲಿ ಈಗ ಉಳಿದಿರೋರು ನಾಲ್ಕೇ ಮಂದಿ, ಎಲ್ಲರಿಗೂ ಅರವತ್ತು ದಾಟಿದೆ. ಓಣಿಯಲ್ಲಿ ಮಣ್ಣಿನ ಮಾಳಿಗಿ ಒಂದೊಂದೇ ಹೋಗಿ ಆರ್‌ಸಿಸಿ ಬರ್ತಿದೆ. ಏಳನೇ ಕ್ಲಾಸಿನ ನನ್ನ ತಂಗಿ ಆ ಪದ ಗುನುಗ್ತಾ, “ಅಕ್ಕಾ, ಜಂತಿ ಅಂದ್ರೆ ಏನು?” ಅಂತ ಕೇಳಿದ್ಲು. ಅವಳು ಪದ ಕಲಿತಿದ್ದು ಭಜನಿಯಿಂದಲ್ಲ, ನನ್ನ ಫೋನಿಂದ. ಕೇಳಿದ್ದು ಮಾತ್ರ ಭಜನಿಯಲ್ಲಿ ಕೇಳೋ ಪ್ರಶ್ನೆನೇ. ಉತ್ತರಕ್ಕೆ ಅವಳನ್ನ ಸೀದಾ ಅಜ್ಜನ ಹತ್ರ ಕಳಿಸಿದೆ. ಒಂದು ತಾಸು ವಾಪಸ್ ಬರಲಿಲ್ಲ.

ಮುಂದಿನ ಪೋಸ್ಟಲ್ಲಿ ಅಜ್ಜನ ಮೇಳದ ‘ಸೋರುತಿಹುದು’ ಹಾಕ್ತೀನಿ, ಹೋದ ಅಮಾವಾಸ್ಯೆಗೆ ರೆಕಾರ್ಡ್ ಮಾಡಿದ್ದು. ನಡುವಿನ ಮಾತು ಕತ್ತರಿಸಬಾರದು ಅಂತ ಷರತ್ತು ಹಾಕಿದ್ದಾರೆ. ಅದಕ್ಕೇ ಏಳು ರೀಲ್ ಆಗೈತೆ, ತಡ್ಕೊಳ್ಳಿ.

#ಹಳೇಆಲ್ಬಂ #ಬಾದನಹಟ್ಟಿ #ತತ್ವಪದ