ಮನೆಯೊಡೆಯನಿಗೇ ಕಳ್ಳನ ಪಟ್ಟ

ಒಂಬತ್ತನೆಯ ಶತಮಾನದಲ್ಲಿ ನಾರ್ವೆಯ ಕಡೆಯ ಜನ ಕುರಿ, ದನ, ಕುದುರೆಗಳನ್ನು ಹಡಗಿಗೆ ಹತ್ತಿಸಿಕೊಂಡು ಐಸ್‌ಲ್ಯಾಂಡಿಗೆ ಬಂದಿಳಿದರು. ಆರ್ಕ್ಟಿಕ್ ವೃತ್ತದ ಅಂಚಿನ ಆ ದ್ವೀಪದಲ್ಲಿ ಆಗ ಹುಲ್ಲು ಮೇಯುವ ಒಂದು ಕಾಡುಪ್ರಾಣಿಯೂ ಇರಲಿಲ್ಲ, ಇಲಿ ಕೂಡ ಇರಲಿಲ್ಲ. ಕಡಲಿನ ಸೀಲ್‌ಗಳನ್ನು ಬಿಟ್ಟರೆ, ಅಲ್ಲಿ ನೆಲೆಯೂರಿದ್ದ ಸಸ್ತನಿ ಒಂದೇ ಒಂದು: ಹಿಮನರಿ.

ಸುತ್ತಲೂ ಸಮುದ್ರವಿರುವಾಗ ನರಿ ಬಂದದ್ದಾದರೂ ಹೇಗೆ? ಹಿಮಯುಗ ಮುಗಿಯುತ್ತಿದ್ದ ಕಾಲದಲ್ಲಿ, ಅಂದರೆ ಸುಮಾರು 10 ಸಾವಿರ ವರ್ಷಗಳ ಹಿಂದೆ, ಹೆಪ್ಪುಗಟ್ಟಿದ ಕಡಲ ಮೇಲೆ ನಡೆದುಕೊಂಡೇ ಬಂದಿತು. ಹಿಮ ಕರಗಿತು, ದಾರಿ ಮುಚ್ಚಿತು. ಮೂರು ನಾಲ್ಕು ಕಿಲೋ ತೂಗುವ ಈ ಪುಟ್ಟ ಜೀವ ಅಲ್ಲೇ ಉಳಿಯಿತು. ಅಂಗಾಲಿಗೂ ಕೂದಲು, ಮೊಂಡು ಕಿವಿ, ಮೈಗೆ ಸುತ್ತಿಕೊಳ್ಳಲು ಕಂಬಳಿಯಂಥ ಬಾಲ. ಬೇರೆ ದೇಶಗಳ ಹಿಮನರಿಗಳಿಗೆ ಲೆಮಿಂಗ್ ಎಂಬ ಇಲಿಯೇ ಮುಖ್ಯ ಆಹಾರ. ಇಲ್ಲಿ ಅದಿಲ್ಲ. ಕಡಲಹಕ್ಕಿ, ಮೊಟ್ಟೆ, ಅಲೆ ತಂದು ಹಾಕಿದ ಸತ್ತ ಸೀಲ್, ಸಿಕ್ಕಿದ್ದೇ ಊಟ. ಕರಾವಳಿಯ ಬಹುತೇಕ ನರಿಗಳು ವರ್ಷವಿಡೀ ಕಂದುಬಣ್ಣದಲ್ಲೇ ಇರುತ್ತವೆ. ಕಪ್ಪು ಬಂಡೆಗಳ ನಡುವೆ ಅಡಗಲು ಅದೇ ಅನುಕೂಲ.

ಮನುಷ್ಯ ಬಂದ ಮೇಲೆ ಲೆಕ್ಕ ಬದಲಾಯಿತು. ನರಿಗಳಲ್ಲಿ ಕೆಲವು, ಎಲ್ಲವೂ ಅಲ್ಲ, ಕುರಿಮರಿಗೆ ಬಾಯಿ ಹಾಕಿದವು. ಐಡರ್ ಬಾತುಗಳ ಗೂಡಿನಿಂದ ಹಾಸಿಗೆ, ಹೊದಿಕೆಗೆ ಮೆತ್ತನೆಯ ಪುಕ್ಕ ಸಂಗ್ರಹಿಸುವ ರೈತರಿಗೂ ನರಿ ಕಂಟಕವಾಯಿತು. ನರಿ ಕೊಲ್ಲುವುದು ರೈತನ ಕರ್ತವ್ಯವೆಂಬ ಕಾನೂನು 13ನೆಯ ಶತಮಾನದ ಕೊನೆಗೇ ಬಂತು. ಬಾಲ ತಂದು ಒಪ್ಪಿಸಿದವನಿಗೆ ಹಣ. ಚಳಿಗಾಲದ ಹಸಿವಿನಲ್ಲಿ ಒಂದು ಕುರಿಮರಿಯ ಬೆಲೆ ಏನೆಂಬುದು ಆ ರೈತನಿಗೇ ಗೊತ್ತು. ಅವನನ್ನು ದೂರಿ ಫಲವಿಲ್ಲ.

ಆದರೆ ಮನುಷ್ಯನೇ ಕರೆತಂದ ಅತಿಥಿಗಳ ಕಥೆ ನೋಡಿ. ಇಲಿಗಳು ಹೇಳದೆ ಕೇಳದೆ ಹಡಗು ಹತ್ತಿದವು, ಸರಿ. ಹಿಮಸಾರಂಗವನ್ನು ಮಾತ್ರ ಬೇಕೆಂದೇ ತರಲಾಯಿತು. ಬಡತನದಲ್ಲಿದ್ದ ರೈತರು ಅವನ್ನು ಸಾಕಿ ಬದುಕಲಿ ಎಂದು 1771ರಿಂದ 1787ರವರೆಗೆ ನಾಲ್ಕು ಬಾರಿ ನಾರ್ವೆಯಿಂದ ತಂದು ಬಿಟ್ಟರು. ಯಾರೂ ಸಾಕಲಿಲ್ಲ! ಅವು ಕಾಡುಪಾಲಾದವು. ಕೊನೆಯ ತಂಡದ 35 ಪ್ರಾಣಿಗಳ ಸಂತತಿ ಮಾತ್ರ ಪೂರ್ವಭಾಗದಲ್ಲಿ ಉಳಿದು ಇಂದು ಸಾವಿರಾರು ಆಗಿದೆ. ಈಗ ಅವುಗಳ ಬೇಟೆಗೆ ವರ್ಷವರ್ಷ ಸಂಖ್ಯೆ ನಿಗದಿ, ಪರವಾನಗಿಗೆ ಚೀಟಿ ಎತ್ತುವ ವ್ಯವಸ್ಥೆ. ಹೊರಗಿನಿಂದ ಬಂದದ್ದಕ್ಕೆ ಎಷ್ಟು ಮರ್ಯಾದೆ!

ಮೂರನೆಯದು ಅಮೆರಿಕದ ಮಿಂಕ್. ಮುಂಗುಸಿಯಂಥ ನೀಳ ದೇಹ, ಹೊಳೆಯುವ ತುಪ್ಪಳ. ತುಪ್ಪಳದ ವ್ಯಾಪಾರಕ್ಕೆಂದು 1931ರಲ್ಲಿ ಪಂಜರದಲ್ಲಿ ತಂದರು. ಕೆಲವು ತಪ್ಪಿಸಿಕೊಂಡವು. 1937ರಲ್ಲಿ ರಾಜಧಾನಿ ರೇಕ್ಯಾವಿಕ್ ಬಳಿ ಮೊದಲ ಕಾಡುಬಿಲ ಸಿಕ್ಕಿತು. ಮಿಂಕ್ ಈಜಬಲ್ಲದು, ನರಿ ನುಗ್ಗಲಾಗದ ಬಿಲಕ್ಕೂ ನುಗ್ಗಬಲ್ಲದು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಇಂಥ ಶತ್ರುವಿನ ಅಭ್ಯಾಸವೇ ಇರಲಿಲ್ಲ. ನಾಲ್ಕು ದಶಕಗಳೊಳಗೆ ದ್ವೀಪದ ಉದ್ದಗಲಕ್ಕೂ ಹರಡಿತು. ಈಗ ಅದನ್ನು ಕೊಂದವರಿಗೂ ನರಿ ಕೊಂದವರಂತೆಯೇ ಹಣ. ಹತ್ತು ಸಾವಿರ ವರ್ಷ ಇದ್ದವನಿಗೂ ನೂರು ವರ್ಷವೂ ತುಂಬದವನಿಗೂ ಒಂದೇ ಶಿಕ್ಷೆ.

1970ರ ದಶಕದಲ್ಲಿ ದ್ವೀಪದಲ್ಲಿ ಉಳಿದಿದ್ದ ನರಿಗಳು ಸಾವಿರದ ಆಸುಪಾಸು. ಅವನ್ನು ಅಧ್ಯಯನ ಮಾಡಿದ ವಿಜ್ಞಾನಿ ಪಾಲ್ ಹರ್ಸ್ಟೀನ್ಸನ್ ಬೇಟೆಗಾರರನ್ನು ದೂರವಿಡಲಿಲ್ಲ. ಕೊಂದ ನರಿಗಳ ದೇಹವನ್ನು ಅವರಿಂದಲೇ ತರಿಸಿಕೊಂಡು ವಯಸ್ಸು, ಆಹಾರ, ಮರಿಗಳ ಲೆಕ್ಕ ಹಾಕಿದರು. ಆ ದೇಶದ ನರಿಯ ಬಗ್ಗೆ ತಿಳಿದಿರುವ ಎಷ್ಟೋ ಸಂಗತಿಗಳು ಹೀಗೆ ಬಂದೂಕಿನ ದಾರಿಯಿಂದ ಬಂದವು. ಮುಂದೆ ನರಿಗಳ ಸಂಖ್ಯೆ ಹಲವು ಪಟ್ಟು ಏರಿತು. ಅವರು ತೀರಿಕೊಂಡದ್ದು 2011ರಲ್ಲಿ.

ವಾಯವ್ಯ ತುದಿಯ ಹಾರ್ನ್‌ಸ್ಟ್ರಾಂಡಿರ್ ಈಗ ರಕ್ಷಿತ ಪ್ರದೇಶ. ಜನ ಊರು ಬಿಟ್ಟು ಹೋದ ಮೇಲೆ ಅಲ್ಲಿ ಉಳಿದದ್ದು ಹಕ್ಕಿಗಳ ಬಂಡೆ, ಹುಲ್ಲು ಮತ್ತು ನರಿ. ಬೇಟೆ ನಿಷಿದ್ಧವಾದ್ದರಿಂದ ನರಿಗಳಿಗೆ ಮನುಷ್ಯನ ಭಯವೇ ಕಡಿಮೆ. ಕ್ಯಾಮೆರಾ ಹಿಡಿದು ಕುಳಿತವರ ಹತ್ತಿರಕ್ಕೇ ಬರುತ್ತವೆ. ಅವನ್ನು ನೋಡಲೆಂದೇ ದೂರದೇಶದ ಜನ ದುಡ್ಡು ಕೊಟ್ಟು ದೋಣಿ ಹತ್ತುತ್ತಾರೆ. ಅಲ್ಲಿ ಹುಟ್ಟಿದ ಮರಿ ಬೆಳೆದು, ಜಾಗ ಹುಡುಕುತ್ತ ಗಡಿ ದಾಟಿತೆಂದರೆ, ಆಚೆ ಕಡೆ ಅದರ ಬಾಲಕ್ಕೆ ಇಂದಿಗೂ ಹಣವಿದೆ.