ಬಾಳಿದ ಮೊಣಕಾಲು, ಸೋತ ಕೈ

ನಮ್ಮ ದೊಡ್ಡವ್ವನ ಎರಡೂ ಮೊಣಕಾಲಿನ ಕೀಲು ಬದಲಿಸಿದ್ದು 2001ರಲ್ಲಿ, ಬೆಳಗಾವಿಯಲ್ಲಿ. ಅವು ಈಗಲೂ ಗಟ್ಟಿಯಾಗಿವೆ. ಕೈಗಳು ಮಾತ್ರ ಸೋತಿವೆ. ಆ ಕಾಲದ ಚಿಕಿತ್ಸೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬುದು ಆಕೆಯ ಮೈಮೇಲೆಯೇ ಕಾಣುತ್ತದೆ.

ಕಾಯಿಲೆ ಶುರುವಾದದ್ದು ಎಂಬತ್ತರ ದಶಕದಲ್ಲಿ, ಖಾನಾಪುರದಲ್ಲಿ. ಮುಂಜಾನೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿಲೇರುವ ತನಕ ಕೊಡ ಎತ್ತಲಾಗುತ್ತಿರಲಿಲ್ಲ. 'ಮಳಿಗಾಲದ ಥಂಡಿ, ಮೈಯಾಗ ವಾಯು ಹೊಕ್ಕೈತಿ' ಎಂದರು ಹಿರಿಯರು. ನಾಲ್ಕು ತಿಂಗಳು ಮಳೆ ಹಿಡಿಯುವ, ಕೆಸರಿನಲ್ಲಿ ನಿಂತು ಭತ್ತದ ನಾಟಿ ಮಾಡುವ ಊರಿನಲ್ಲಿ ಆ ಮಾತನ್ನು ಯಾರೂ ಅನುಮಾನಿಸಲಿಲ್ಲ. ಆದರೆ ಆಕೆಗಿದ್ದದ್ದು ರುಮಟಾಯ್ಡ್ ಸಂಧಿವಾತ, ಅದಕ್ಕೆ ಮಳೆ ಕಾರಣವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಊದಿದ ಆ ಪೊರೆ ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನುತ್ತ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಇದು ಎರಡು ಮೂರು ಪಟ್ಟು ಹೆಚ್ಚು.

ಬೆಳಗಾವಿಗೆ 1963ರಲ್ಲೇ ವೈದ್ಯಕೀಯ ಕಾಲೇಜು ಬಂದಿತ್ತು. ದೊಡ್ಡ ಕಾಯಿಲೆಯೆಂದರೆ ರೈಲು ಹತ್ತಿ ಮಿರಜಿನ ಮಿಷನ್ ಆಸ್ಪತ್ರೆಗೆ ಹೋಗುವ ರೂಢಿಯೂ ನಮ್ಮ ಕಡೆ ಇತ್ತು. ಆದರೆ ಕೀಲುನೋವನ್ನು ದೊಡ್ಡ ಕಾಯಿಲೆ ಎಂದು ಎಣಿಸಿದವರು ಯಾರು? ಪೇಟೆಯ ದವಾಖಾನೆಯಲ್ಲಿ ಸ್ಟೆರಾಯ್ಡ್ ಗುಳಿಗೆ ಸಿಕ್ಕಿತು. ನುಂಗಿದರೆ ಭಕ್ಕರಿ ತಟ್ಟುತ್ತಿದ್ದಳು, ಬಿಟ್ಟರೆ ಹಾಸಿಗೆ ಹಿಡಿಯುತ್ತಿದ್ದಳು. ವರ್ಷಗಟ್ಟಲೆ ನುಂಗಿ ಮುಖ ದುಂಡಗಾಯಿತು, ಎಲುಬು ಟೊಳ್ಳಾಯಿತು. ಕಾಯಿಲೆಯನ್ನೇ ಹತೋಟಿಗೆ ತರಲು ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್‌ಗೆ ಅಮೆರಿಕದಲ್ಲಿ ಈ ಕಾಯಿಲೆಗೆಂದು ಮಂಜೂರಾತಿ ಸಿಕ್ಕಿದ್ದು 1988ರಲ್ಲಿ. ಅದು ದೊಡ್ಡವ್ವನ ಔಷಧಿ ಚೀಟಿಗೆ ಬರುವಷ್ಟರಲ್ಲಿ ಮೊಣಕಾಲು ಸೊಟ್ಟಗಾಗಿದ್ದವು. ನೋವು ತಾಳದೆ ರಾತ್ರಿ ಅವುಗಳ ಕೆಳಗೆ ದಿಂಬು ಇಟ್ಟುಕೊಳ್ಳುತ್ತಿದ್ದಳು. ಮಡಚಿದ ಕಾಲು ಹಾಗೆಯೇ ಬಿಗಿದುಕೊಂಡಿತು. ದಿಂಬು ಇಡಬಾರದೆಂದು ಯಾರೂ ಹೇಳಿರಲಿಲ್ಲ.

ಆಪರೇಷನ್‌ಗೆ ಸೊಸೈಟಿಯಲ್ಲಿ ಬಂಗಾರ ಅಡವಿಟ್ಟರು. ಸವೆದ ಎಲುಬಿನ ತುದಿಗಳನ್ನು ತೆಳುವಾಗಿ ಕತ್ತರಿಸಿ, ತೊಡೆಯೆಲುಬಿಗೆ ಲೋಹದ ಹೊದಿಕೆ, ಕೆಳಗಿನೆಲುಬಿಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಕೂರಿಸುತ್ತಾರೆ. ಅರಿವಳಿಕೆಗೆ ಮುಂಚೆ ಕುತ್ತಿಗೆಯ ಎಕ್ಸ್‌ರೇ ತೆಗೆದರು. ಈ ಕಾಯಿಲೆ ಕುತ್ತಿಗೆಯ ಮೇಲಿನ ಎಲುಬುಗಳನ್ನೂ ಸಡಿಲಿಸಬಲ್ಲದು. ಉಸಿರಿನ ನಳಿಕೆ ಹಾಕಲು ತಲೆ ಬಗ್ಗಿಸುವಾಗ ಮಿದುಳುಬಳ್ಳಿಗೆ ಪೆಟ್ಟಾದೀತು.

ನೋವು ಹೋಯಿತು, ಕಾಲು ನೆಟ್ಟಗಾಯಿತು. ಆದರೆ ಮತ್ತೆ ನಡೆಯಲು ವಾಕರ್ ಹಿಡಿಯಬೇಕು, ಹಿಡಿಯಲು ಕೈಯೇ ಬರುತ್ತಿರಲಿಲ್ಲ. ಮುಂಗೈ ಊರಿ ನಡೆಯುವಂಥ ವಾಕರನ್ನು ಮಾಡಿಸಬೇಕಾಯಿತು. ನೆಲದ ಮೇಲೆ ಕೂರುವುದು ನಿಂತಿತು. ಮನೆಗೆ ಕಮೋಡ್ ಬಂತು, ಒಲೆ ಕಟ್ಟೆಯ ಮೇಲೇರಿತು. ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅಷ್ಟೇ ಎತ್ತರ ಉಳಿಯಿತು.

2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಪೂರ್ತಿ ಬದಲಿಸಿದ ಮೊಣಕಾಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಅಲ್ಲಿ ಲೆಕ್ಕಕ್ಕೆ ಬಂದವರಲ್ಲಿ ಹೆಚ್ಚಿನವರು ವಯಸ್ಸಿನ ಸವೆತದವರು. ರುಮಟಾಯ್ಡ್ ಇರುವವರಿಗೂ ನೋವು ಅಷ್ಟೇ ಚೆನ್ನಾಗಿ ಇಳಿಯುತ್ತದೆ, ಆದರೆ ಸೋಂಕಿನ ಭಯ ಹೆಚ್ಚು. ಕಾಲಿನ ಹುಣ್ಣು, ಹಲ್ಲಿನ ಕೀವು ರಕ್ತದ ಮೂಲಕ ವರ್ಷಗಳ ಮೇಲೂ ಕೃತಕ ಕೀಲನ್ನು ಮುಟ್ಟಬಹುದು. ಅದಕ್ಕೇ ದೊಡ್ಡವ್ವ ಬರಿಗಾಲಲ್ಲಿ ಗದ್ದೆಗೆ ಇಳಿಯುವುದನ್ನು ಬಿಟ್ಟಳು. ಆಕೆಯ ಬೆರಳುಗಳು ಈಗ ಕಿರುಬೆರಳಿನ ಕಡೆಗೆ ವಾಲಿವೆ. ನಲ್ಲಿ ತಿರುವಲು, ಗುಂಡಿ ಹಾಕಲು ಬೇರೆಯವರು ಬೇಕು. 'ಕಾಲ ಮಾತ ಕೇಳ್ತಾವ, ಕೈ ಕೇಳಂಗಿಲ್ಲ' ಎನ್ನುತ್ತಾಳೆ.

ಆಕೆಯ ಮೊಮ್ಮಗಳಿಗೂ ಇದೇ ಕಾಯಿಲೆ. ಬೆಳಗಾವಿಯಲ್ಲಿ ಕೆಲಸಕ್ಕಿದ್ದಾಳೆ. ಬೆರಳು ಊದಿದ ಕೆಲವೇ ತಿಂಗಳಲ್ಲಿ ರಕ್ತಪರೀಕ್ಷೆಯಾಗಿ ಮೆಥೊಟ್ರೆಕ್ಸೇಟ್ ಶುರುವಾಯಿತು. ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ. ಮಗು ಬೇಕೆಂದರೆ ತಿಂಗಳುಗಳ ಮುಂಚೆಯೇ ವೈದ್ಯರ ಸಲಹೆಯಂತೆ ಆ ಔಷಧಿ ಬಿಡಬೇಕೆಂದು ಮದುವೆಗೆ ಮೊದಲೇ ತಿಳಿಸಿದ್ದಾರೆ. ಆಕೆಯ ಕೈಗಳು ನೆಟ್ಟಗಿವೆ. ಮುಂದೊಂದು ದಿನ ಆಪರೇಷನ್ ಬೇಕಾದರೂ ಅಜ್ಜಿಯ ಕಾಲದಷ್ಟು ಹೊರೆಯಾಗಲಾರದು: 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು.

ದೊಡ್ಡವ್ವನನ್ನು ಎಬ್ಬಿಸಿ ನಡೆಸಿದ್ದು ಆ ಆಪರೇಷನ್. ಅದರ ಬೆಲೆ ನಮಗೆ ಗೊತ್ತು. ಆದರೆ ಅದು ಎರಡು ಕೀಲುಗಳಿಗೆ ಸಿಕ್ಕ ಚಿಕಿತ್ಸೆ, ಕಾಯಿಲೆಗೆ ಸಿಕ್ಕದ್ದಲ್ಲ. ಬೆಳಗಿನ ಹೊತ್ತು ತಾಸುಗಟ್ಟಲೆ ಬಿಗಿಯುವ ಬೆರಳನ್ನು ಥಂಡಿ ಎಂದು ತಳ್ಳಿಹಾಕದೆ, ಮೊದಲ ತಿಂಗಳುಗಳಲ್ಲೇ ಕೀಲುವಾತದ ತಜ್ಞರ ಬಳಿ ಕಳಿಸುವ ವೈದ್ಯರು ಖಾನಾಪುರದ ಒಳಹಳ್ಳಿಗಳಿಗೂ ಬೇಕು. ಕೈ ಉಳಿಯುವುದು ಅಲ್ಲಿಂದಲೇ.